ಪುಡಿ ಉದುರದ ಗೋಡೆ

೧೯೮೦ರ ಜೂನ್ ತಿಂಗಳಲ್ಲಿ ಬಂಟ್ವಾಳದ ಒಂದು ಸರಕಾರಿ ಪ್ರಯೋಗಾಲಯಕ್ಕೆ ನನ್ನನ್ನು ಸಹಾಯಕ ರಸಾಯನಜ್ಞೆಯಾಗಿ ಹಾಕಿದರು. ಪ್ರಯೋಗಾಲಯ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಹಂಚಿನ ಮಾಡಿನ ಎರಡು ಕೋಣೆ, ಒಂದು ತಕ್ಕಡಿ, ಒಂದು ವಿದ್ಯುತ್ ಒಲೆ, ಕಪಾಟಿನ ತುಂಬ ಬಾಟಲಿಗಳು, ಅಷ್ಟೇ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆ ಎಲ್ಲಿ ಶಾಲೆ, ಆಸ್ಪತ್ರೆ, ಮೋರಿ ಕಟ್ಟಿದರೂ ಅದರ ಮರಳು, ಸಿಮೆಂಟು, ನೆಲದಿಂದ ಕಡಿದು ತೆಗೆಯುವ ಕೆಂಪು ಮುರಕಲ್ಲು ನಮ್ಮ ಮೇಜಿಗೆ ಬರುತ್ತಿದ್ದವು. ನನ್ನ ಮನೆ ಮೂಡಬಿದ್ರೆಯಲ್ಲಿ. ಸಿದ್ಧಕಟ್ಟೆಯ ದಾರಿಯಾಗಿ ಬರುವ ಬೆಳಗ್ಗಿನ ಬಸ್ಸು ಹಿಡಿದು ಒಂಬತ್ತೂವರೆಗೆ ಬೀಗ ತೆಗೆಯುತ್ತಿದ್ದೆ. ಆಗ ನನಗೆ ಮೂವತ್ತೊಂದು ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಆಗಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು, ನನ್ನಷ್ಟು ತಿಳಿದವರು ಆ ಕಚೇರಿಯಲ್ಲಿ ಇನ್ನೊಬ್ಬರಿಲ್ಲ ಎಂಬ ಗರ್ವವೂ ಇತ್ತು. ಕೋಪ ಈಗಲೂ ಇದೆ.

ಬಂಟ್ವಾಳ ಪೇಟೆಯಿಂದ ಕೆಳಗೆ, ನೇತ್ರಾವತಿಯ ದಡದಲ್ಲಿ ಒಂದು ಹಳೇ ಬಂಡಸಾಲೆ ಇತ್ತು. ಬಂಡಸಾಲೆ ಎಂದರೆ ಸರಕು ತುಂಬುವ ಉಗ್ರಾಣ. ರಸ್ತೆಗಳು ನೆಟ್ಟಗಿಲ್ಲದ ಕಾಲದಲ್ಲಿ ಮಂಗಳೂರಿನಿಂದ ದೋಣಿಗಳಲ್ಲಿ ಬಂದ ಉಪ್ಪು ಇಲ್ಲಿ ಇಳಿದು, ಇಲ್ಲಿಂದ ಎತ್ತಿನ ಗಾಡಿಗಳಲ್ಲಿ ಘಟ್ಟದ ಕಡೆಗೆ ಹೋಗುತ್ತಿತ್ತಂತೆ. ನಲವತ್ತು ಅಡಿ ಉದ್ದದ ಕಟ್ಟಡ. ಗೋಡೆಗಳೆಲ್ಲ ಮುರಕಲ್ಲಿನವು, ಹನ್ನೊಂದು ಅಡಿ ಎತ್ತರ, ಒಂದೂವರೆ ಅಡಿ ದಪ್ಪ. ದಕ್ಷಿಣದ ಗೋಡೆ ನದಿಯ ಕಡೆಗೆ, ಉತ್ತರದ ಗೋಡೆ ಪೇಟೆಯ ಕಡೆಗೆ. ಊರಿಗೆ ಊರೇ ಅದನ್ನು ಉಪ್ಪಿನ ಬಂಡಸಾಲೆ ಎಂದು ಕರೆಯುತ್ತಿತ್ತು. ಅದರ ಒಡೆಯರು ವಾಸುದೇವ ಪ್ರಭುಗಳು, ಎಪ್ಪತ್ತರ ಹತ್ತಿರದವರು. ಅವರ ಅಜ್ಜ ಕಟ್ಟಿಸಿದ ಕಟ್ಟಡ. ನಾನು ಮೊದಲ ಸಲ ಹೋದಾಗ ಅವರು ಒಂದೊಂದೇ ಪದ ತೂಗಿ ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಇದೆ: "ಇದು ಅಜ್ಜನ ಉಪ್ಪಿನ ಬಂಡಸಾಲೆ. ಉಪ್ಪು ಬಿಟ್ಟು ಬೇರೆ ಯಾವ ಸರಕನ್ನೂ ಇದು ಕಂಡದ್ದಿಲ್ಲ."

ನಾನು ಹೋಗುವಾಗ ಅಲ್ಲಿ ಉಪ್ಪೂ ಇರಲಿಲ್ಲ, ದೋಣಿಯೂ ಇರಲಿಲ್ಲ. ಒಂದು ಬೀಡಿ ಬ್ರಾಂಚು ಇತ್ತು. ಹೆಂಗಸರು ಇಲ್ಲಿಂದ ಎಲೆ ಮತ್ತು ಹೊಗೆಸೊಪ್ಪು ತೆಗೆದುಕೊಂಡು ಹೋಗಿ, ಮನೆಯಲ್ಲಿ ಬೀಡಿ ಕಟ್ಟಿ, ವಾರಕ್ಕೆ ಎರಡು ಸಲ ತಂದು ಒಪ್ಪಿಸುವುದು. ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಸರಿ ಇಲ್ಲದ್ದನ್ನು ಮುರಿದು ಬದಿಗೆ ಎಸೆಯುವುದು. ಮನೆಯಲ್ಲಿ ಕಾಲು ಚಾಚಿ ಕೂರಲೂ ಜಾಗವಿಲ್ಲದ ಏಳೆಂಟು ಮಂದಿ ಮಾತ್ರ ಬ್ರಾಂಚಿನಲ್ಲೇ, ಉತ್ತರದ ಗೋಡೆಗೆ ಒರಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟುತ್ತಿದ್ದರು. ಅವರಲ್ಲಿ ಹಿರಿಯಳು ಅವ್ವಮ್ಮ. ಬ್ಯಾರಿ ಮುಸ್ಲಿಂ ಹೆಂಗಸು, ಐವತ್ತೈದು ಇರಬಹುದು. ಸಣ್ಣಂದಿನಿಂದಲೂ ಎಡಗಾಲು ಸೋತದ್ದು, ಕುಂಟುತ್ತಿದ್ದಳು. ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಬಂಡಸಾಲೆಯ ಹಿಂದೆಯೇ ಒಂದು ಇಳಿಜಾರು ಮಾಡಿನ ಕೋಣೆಯಲ್ಲಿ ಮಗಳು ಮೈಮುನಾ, ಅವಳ ಎರಡು ಕೂಸುಗಳ ಜೊತೆ ಇದ್ದಳು. ನನ್ನನ್ನು ಮೊದಲ ದಿನದಿಂದಲೇ ಟೀಚರ್ ಎಂದು ಕರೆದಳು. ನಾನು ಟೀಚರಲ್ಲ ಎಂದು ಎರಡು ಸಲ ಹೇಳಿ ನೋಡಿದೆ. ಓದಿದ ಹೆಂಗಸು ಟೀಚರಲ್ಲದೆ ಮತ್ತೇನು ಎಂದು ನಕ್ಕುಬಿಟ್ಟಳು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಎಪ್ಪತ್ತನಾಲ್ಕರ ನೆರೆಯಲ್ಲಿ ನದಿ ಈ ಕಟ್ಟಡದೊಳಗೆ ಎದೆಮಟ್ಟ ಬಂದು ನಿಂತಿತ್ತು. ಆಮೇಲಿನ ವರ್ಷಗಳಲ್ಲಿ ದಕ್ಷಿಣದ ಗೋಡೆ ಪ್ರತಿ ಬೇಸಿಗೆಯಲ್ಲೂ ಉದುರುತ್ತಾ ಬಂತು. ಮಳೆಗಾಲದಲ್ಲಿ ಬೆವರುವುದು, ಫೆಬ್ರವರಿ ಬಂದ ಕೂಡಲೇ ಕೆಂಪು ಹಿಟ್ಟು ಕೆಳಗೆ ರಾಶಿ ಬೀಳುವುದು. ಕೆಲವು ಕಡೆ ಕಲ್ಲಿನೊಳಗೆ ಮುಷ್ಟಿ ಹೋಗುವಷ್ಟು ಗುಳಿ. ಜನ ಸೇರುವ ಹಳೇ ಕಟ್ಟಡಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು ಎಂಬ ಒತ್ತಾಯ ಬಂದಾಗ ನಮ್ಮ ಕಚೇರಿಯ ಎಂಜಿನಿಯರ್ ನಾಗೇಶ ರಾಯರು ಬಂದು ನೋಡಿ ತಲೆಯಾಡಿಸಿದರು. ಸರ್ಟಿಫಿಕೇಟ್ ಸಿಗದಿದ್ದರೆ ಬ್ರಾಂಚು ಮುಚ್ಚುತ್ತದೆ. ಮುಚ್ಚಿದರೆ ಹೆಂಗಸರು ಸೇತುವೆ ದಾಟಿ ಪಾಣೆಮಂಗಳೂರಿಗೆ ಹೋಗಬೇಕು. ಕಾಲು ಸರಿ ಇದ್ದವರು ಹೋದಾರು, ಅವ್ವಮ್ಮ ಹೋಗಲಾರಳು. ಎಲೆ, ಕೂಲಿಯ ಲೆಕ್ಕ ಬರೆಯುವ ಅವಳ ಹೆಸರಿನ ಬೀಡಿ ಪುಸ್ತಕ ಬೇರೆಯವರ ಪಾಲಾಗುತ್ತದೆ. ಆ ಒಂದು ಪುಸ್ತಕದ ಮೇಲೆ ನಾಲ್ಕು ಹೊಟ್ಟೆ ನಡೆಯುತ್ತಿತ್ತು. ಇದನ್ನು ಅವಳು ನನ್ನ ಹತ್ತಿರ ಅತ್ತು ಕರೆದು ಹೇಳಿದ್ದಲ್ಲ. ಎಲೆ ಕತ್ತರಿಸುತ್ತಾ, ಕತ್ತರಿಯಿಂದ ಕಣ್ಣು ಎತ್ತದೆ ಹೇಳಿದಳು.

ಗೋಡೆಯನ್ನು ಉಳಿಸಲು ಆಗುತ್ತದೆಯೇ ನೋಡಿ ಎಂದು ರಾಯರು ನನ್ನನ್ನು ಕಳಿಸಿದರು. ಆಗುತ್ತದೆ ಎಂದು ನಾನು ಅದೇ ದಿನ ಹೇಳಿಬಿಟ್ಟೆ.

ಇಲ್ಲಿ ಸ್ವಲ್ಪ ರಸಾಯನ ಹೇಳಬೇಕು. ಮುರಕಲ್ಲು ನೋಡಲು ಗಟ್ಟಿ, ಆದರೆ ಒಳಗೆಲ್ಲ ಸೂಕ್ಷ್ಮ ತೂತುಗಳು. ನೆಲದ ತೇವ ಆ ತೂತುಗಳಲ್ಲಿ ಏರುವಾಗ ಕರಗಿದ ಉಪ್ಪನ್ನೂ ಹೊತ್ತುಕೊಂಡು ಬರುತ್ತದೆ. ನೀರು ಆರಿದಾಗ ಉಪ್ಪು ಹರಳಾಗುತ್ತದೆ. ಹರಳು ಗೋಡೆಯ ಮೈಮೇಲೆ ಆದರೆ ಬಿಳಿ ಬೂಷ್ಟಿನ ಹಾಗೆ ಕಾಣುತ್ತದೆ. ಅದರಿಂದ ಅಪಾಯವಿಲ್ಲ, ಗುಡಿಸಿ ತೆಗೆದರಾಯಿತು. ಹರಳು ಒಳಗಿನ ತೂತಿನಲ್ಲೇ ಆದರೆ ಬೆಳೆಯಲು ಜಾಗ ಸಾಲದೆ ಸುತ್ತಲ ಕಲ್ಲನ್ನು ದೂಡುತ್ತದೆ. ವರ್ಷವರ್ಷವೂ ದೂಡಿದರೆ ಕಲ್ಲು ಹಿಟ್ಟಾಗುತ್ತದೆ. ಹಾಗಾದರೆ ಮಾಡಬೇಕಾದ್ದು ಒಂದೇ, ಹರಳು ಒಳಗೆ ಆಗದಂತೆ ತಡೆದು, ನೀರಿನ ಜೊತೆ ಉಪ್ಪು ಮೈಮೇಲೆ ಬರುವ ತನಕ ಕಾಯುವಂತೆ ಮಾಡುವುದು.

ಹರಳುಗಟ್ಟುವುದನ್ನು ಹೀಗೆ ತಡೆಯುವ ಪದಾರ್ಥಗಳಿಗೆ ಇನ್‌ಹಿಬಿಟರ್ ಎನ್ನುತ್ತಾರೆ. ಅಡುಗೆ ಉಪ್ಪಿನ ಮಟ್ಟಿಗೆ ಅಂಥದ್ದೊಂದು ನನ್ನ ಕಪಾಟಿನಲ್ಲೇ ಇತ್ತು, ಪೊಟ್ಯಾಸಿಯಂ ಫೆರೋಸಯನೈಡ್, ನಿಂಬೆ ಹಣ್ಣಿನ ಬಣ್ಣದ ಹರಳು. ಹೆಸರಿನಲ್ಲಿ ಸಯನೈಡ್ ಇದೆ ಎಂದು ಹೆದರಬೇಕಾಗಿಲ್ಲ, ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉಪ್ಪು ಗಡ್ಡೆ ಕಟ್ಟದಿರಲಿ ಎಂದು ಈ ಜಾತಿಯ ಪದಾರ್ಥವನ್ನು ತಯಾರಕರು ಚಿಟಿಕೆಯಷ್ಟು ಬೆರೆಸುತ್ತಾರೆಂದು ಓದಿ ಗೊತ್ತಿತ್ತು. ಎರಡು ತಟ್ಟೆಯಲ್ಲಿ ಉಪ್ಪುನೀರು ಇಟ್ಟೆ. ಒಂದಕ್ಕೆ ಈ ಮದ್ದು ಹಾಕಿದೆ, ಇನ್ನೊಂದಕ್ಕೆ ಇಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಬರೀ ಉಪ್ಪುನೀರು ತಟ್ಟೆಯ ತಳದಲ್ಲಿ ಗಟ್ಟಿ ಹಕ್ಕಳೆ ಕಟ್ಟಿತ್ತು. ಮದ್ದು ಹಾಕಿದ್ದು ಅಂಚು ಹತ್ತಿ, ಹೊರಗೆ ಇಳಿದು, ಬೂರುಗದ ಹತ್ತಿಯ ಹಾಗೆ ಅರಳಿ ನಿಂತಿತ್ತು. ಊದಿದರೆ ಹಾರುವಷ್ಟು ಹಗುರ. ಆ ತಟ್ಟೆ ಹಿಡಿದುಕೊಂಡು ನಾನು ಕಚೇರಿಯೆಲ್ಲ ಸುತ್ತಿದೆ, ಮದುಮಗಳನ್ನು ತೋರಿಸುವ ಹಾಗೆ.

ಗೋಡೆಯ ಉಪ್ಪು ಯಾವುದು ಎಂದು ಪರೀಕ್ಷಿಸಿದೆ. ದಕ್ಷಿಣದ ಗೋಡೆಯಿಂದ ಮೂರು ಕಡೆ ಪುಡಿ ತೆಗೆದು, ನೀರಲ್ಲಿ ಕರಗಿಸಿ, ಸಿಲ್ವರ್ ನೈಟ್ರೇಟ್ ಹನಿಸಿದರೆ ಮೂರರಲ್ಲೂ ಮೊಸರಿನ ಹಾಗೆ ಬಿಳಿ ಬಂತು. ಎಂದರೆ ಕ್ಲೋರೈಡ್, ಶುದ್ಧ ಅಡುಗೆ ಉಪ್ಪು. ಸಲ್ಫೇಟ್ ಇದೆಯೇ ಎಂದು ನೋಡಲು ಬೇರಿಯಂ ಕ್ಲೋರೈಡ್ ಹನಿಸಬೇಕು. ಆ ಬಾಟಲಿ ಪಕ್ಕದಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಉಪ್ಪಿನ ಬಂಡಸಾಲೆಯಲ್ಲಿ ಉಪ್ಪಲ್ಲದೆ ಮತ್ತೇನು ಇರುತ್ತದೆ ಎಂದು ಚಾಚಲಿಲ್ಲ.

ಉತ್ತರದ ಗೋಡೆಯಿಂದ ಮಾದರಿಯನ್ನೇ ತೆಗೆಯಲಿಲ್ಲ. ತೆಗೆಯಲು ಅಲ್ಲಿ ಪುಡಿಯೇ ಇರಲಿಲ್ಲ. ಬೆರಳಿನಿಂದ ಕೆರೆದರೆ ಒಂದು ಕಣವೂ ಉದುರುತ್ತಿರಲಿಲ್ಲ. ತಣ್ಣಗೆ, ನುಣ್ಣಗೆ, ಗಟ್ಟಿ ಇತ್ತು. ಫಾರಂನಲ್ಲಿ "ಉತ್ತರ ಗೋಡೆ: ಹಾನಿ ಇಲ್ಲ" ಎಂದು ಬರೆದೆ. ಆ ಗೋಡೆ ಏಕೆ ಅಷ್ಟು ತಣ್ಣಗಿತ್ತು ಎಂಬುದು ಕಣ್ಣೆದುರೇ ಇತ್ತು. ಬೀಡಿಯ ಎಲೆ ಒಣಗಿದ್ದರೆ ಕತ್ತರಿ ಹಾಕುವಾಗ ಒಡೆದುಹೋಗುತ್ತದೆ. ಅದಕ್ಕೆ ಹೆಂಗಸರು ಎಲೆಯ ಕಟ್ಟನ್ನು ನೀರಿನಲ್ಲಿ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮೆದುವಾಗುವ ತನಕ ಆ ಗೋಡೆಗೆ ಒರಗಿಸಿಡುತ್ತಿದ್ದರು. ಬಿಸಿಲು ಬೀಳದ ಬದಿ ಎಂದು ಅದನ್ನು ಆರಿಸಿಕೊಂಡದ್ದು. ದಿನಕ್ಕೆ ಎರಡು ಸಲ ಗೋಣಿಗೆ ನೀರು ಚಿಮುಕಿಸುತ್ತಿದ್ದರು. ಏಳು ವರ್ಷದಿಂದ, ನೆರೆ ಇಳಿದ ಮಾರನೆಯ ತಿಂಗಳಿನಿಂದ, ಭಾನುವಾರ ಬಿಟ್ಟರೆ ಒಂದು ದಿನವೂ ನೀರು ತಪ್ಪಿರಲಿಲ್ಲ, ಆ ಗೋಡೆ ಒಣಗಿರಲೇ ಇಲ್ಲ. ಒಣಗದ ಗೋಡೆಯಲ್ಲಿ ಉಪ್ಪು ಹರಳಾಗುವುದಿಲ್ಲ. ಹರಳಾಗದಿದ್ದರೆ ಕಲ್ಲು ಉದುರುವುದೂ ಇಲ್ಲ. ಒಂದನೇ ವರ್ಷದ ವಿದ್ಯಾರ್ಥಿಗೆ ಹೇಳಿದರೂ ತಿಳಿಯುವ ಮಾತು. ನನಗೆ ತಿಳಿದಿತ್ತು, ಆದರೆ ಹೊಳೆಯಲಿಲ್ಲ.

ಅವ್ವಮ್ಮ ಒಮ್ಮೆ ತನ್ನ ಗಂಡನೂ ಇದೇ ಗೋಡೆಯ ಬುಡದಲ್ಲಿ ಮೂಟೆ ಹೊತ್ತವನು ಎಂದು ಹೇಳಿದ್ದಳು. ಹೌದಾ ಎಂದೆ. ಯಾವ ಮೂಟೆ ಎಂದು ಕೇಳಲಿಲ್ಲ.

೧೯೮೧ರ ಮಾರ್ಚಿನಲ್ಲಿ ದಕ್ಷಿಣದ ಗೋಡೆಯ ಒಂದು ಚದರ ಮೀಟರಿಗೆ ಮದ್ದು ಬಳಿದು ನೋಡಿದೆ. ಮೂರು ವಾರದಲ್ಲಿ ಅಷ್ಟು ಜಾಗದಲ್ಲಿ ಮಾತ್ರ ಬಿಳಿ ಅರಳು ಎದ್ದಿತು. ಹಿಡಿಸೂಡಿಯಿಂದ ಗುಡಿಸಿದರೆ ಕೆಳಗಿನ ಕಲ್ಲು ಗಟ್ಟಿಯಾಗಿ ಉಳಿದಿತ್ತು. ಪಕ್ಕದ ಕಲ್ಲು ಎಂದಿನಂತೆ ಉದುರುತ್ತಲೇ ಇತ್ತು. ರಾಯರು ಬಂದು ಬೆನ್ನು ತಟ್ಟಿದರು. ಪ್ರಭುಗಳು ಎಳನೀರು ತರಿಸಿದರು. ಆ ಮಳೆಗಾಲ ಕಳೆದು, ಅಕ್ಟೋಬರಿನ ಕೊನೆಯಲ್ಲಿ ಇಡೀ ಗೋಡೆಗೆ ಬಳಿಸಿದೆವು. ನೂರು ಲೀಟರು ನೀರಿಗೆ ನೂರು ಗ್ರಾಂ. ದೊಡ್ಡ ಡ್ರಮ್ಮಿನಲ್ಲಿ ಕಲಸಿ, ಸುಣ್ಣ ಬಳಿಯುವ ಕುಂಚದಿಂದ ಮೂರು ಸಲ.

ಕೆಲಸ ಮುಗಿದಾಗ ಅರ್ಧ ಡ್ರಮ್ಮು ಉಳಿಯಿತು. ಚೆಲ್ಲುವುದು ಯಾಕೆ ಎಂದು ಉತ್ತರದ ಗೋಡೆಗೂ ಬಳಿಸಿದೆ. ಇಷ್ಟೇ ಕಾರಣ. ಈ ಸಾಲನ್ನು ನಾನು ಎಷ್ಟೋ ಸಲ ಬೇರೆ ರೀತಿಯಲ್ಲಿ ಬರೆಯಲು ನೋಡಿದ್ದೇನೆ, ಬರುವುದಿಲ್ಲ.

ಮಾರನೆಯ ವಾರ ಉತ್ತರದ ಗೋಡೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಅಲ್ಲಲ್ಲಿ ನೀಲಿ ಕಲೆ ಎದ್ದಿತು. ದಕ್ಷಿಣದಲ್ಲಿ ಒಂದೂ ಇಲ್ಲ. ಹೆಂಗಸರಿಗೆ ನಗುವೋ ನಗು, ಟೀಚರು ಗೋಡೆಗೆ ಬಟ್ಟೆಯ ರಾಬಿನ್ ನೀಲಿ ಹಾಕಿದ್ದಾರೆ ಎಂದು. ಮುರಕಲ್ಲಿನಲ್ಲಿ ಕಬ್ಬಿಣವಿದೆ. ಫೆರೋಸಯನೈಡ್ ಕಬ್ಬಿಣಕ್ಕೆ ಸೇರಿದರೆ ನೀಲಿಯಾಗುತ್ತದೆ, ಆದರೆ ಕಲ್ಲಿನೊಳಗೆ ಹುಳಿ, ಅಂದರೆ ಆಮ್ಲ ಇದ್ದರೆ ಮಾತ್ರ. ಬರೀ ಅಡುಗೆ ಉಪ್ಪಿಗೆ ಆ ಹುಳಿ ಬರುವುದಿಲ್ಲ. ಗೋಡೆ ನನಗೆ ನೀಲಿ ಅಕ್ಷರದಲ್ಲಿ ಬರೆದು ತಿಳಿಸುತ್ತಿತ್ತು, ಇಲ್ಲಿ ಬೇರೇನೋ ಇದೆ ಎಂದು. ನಾನು ಆ ಹೆಂಗಸರಿಗೆ ಕಬ್ಬಿಣದ ಪಾಠ ಮಾಡಿ, ಬಣ್ಣ ಅಷ್ಟೇ, ಬಿಡಿ ಎಂದೆ.

ಇನ್ನೂ ಒಂದು ಮಾತು ಹೇಳಿದೆ. ಇನ್ನು ಮುಂದೆ ಒದ್ದೆ ಗೋಣಿಯನ್ನು ಗೋಡೆಗೆ ಒರಗಿಸಬೇಡಿ, ಜಗಲಿಯಲ್ಲಿ ಇಡಿ, ಗೋಡೆ ಒಣಗಬೇಕು, ಒಣಗಿದರೆ ಆಯುಷ್ಯ ಹೆಚ್ಚು. ಉಳಿದವರು ಗೋಣಿಗಳನ್ನು ಎತ್ತಿ ಜಗಲಿಗೆ ಒಯ್ದರು. ಅವ್ವಮ್ಮ ಮಾತ್ರ ಗೋಡೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು.

"ಇದು ತಣ್ಣಗಿದ್ದಾಗ ಸುಮ್ಮನೆ ಇತ್ತು ಟೀಚರೇ. ಒಣಗಿಸಿದರೆ ಏನೂ ಆಗಲಿಕ್ಕಿಲ್ಲ ಅಲ್ವಾ? ನಾನು ಇಲ್ಲೇ ಕೂರಬಹುದಾ?"

"ಕೂತುಕೊಳ್ಳಿ ಅವ್ವಮ್ಮ. ನಾನು ಹೇಳ್ತೇನೆ ಅಲ್ವಾ?"

ಅವಳು ತಲೆಯಾಡಿಸಿ ಬೀಡಿ ಎಲೆಯ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡಳು. ನವೆಂಬರ್ ಕೊನೆಯಲ್ಲಿ ನನ್ನ ವರದಿಯ ಮೇಲೆ ರಾಯರು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಬ್ರಾಂಚು ಉಳಿಯಿತು. ಹೆಂಗಸರು ನನಗೆ ಒಂದು ಪೊಟ್ಟಣ ಹಲ್ವ ಕೊಟ್ಟರು. ನಾನು ಅದನ್ನು ಬಸ್ಸಿನಲ್ಲೇ ತಿಂದು ಮುಗಿಸಿದೆ, ಅಷ್ಟು ಸಂತೋಷ.

ಆ ವರ್ಷ ಚಳಿ ಸ್ವಲ್ಪ ಹೆಚ್ಚೇ ಇತ್ತು. ಡಿಸೆಂಬರಿನಲ್ಲಿ ಘಟ್ಟದ ಕಡೆಯಿಂದ ಒಣ ಗಾಳಿ ಬೀಸತೊಡಗಿತು, ತುಟಿ ಒಡೆಯುವಂಥದ್ದು. ಏಳು ವರ್ಷ ನೀರು ಕುಡಿದ ಗೋಡೆ ಮೊದಲ ಸಲ ಆರತೊಡಗಿತು. ನಾನು ಡಿಸೆಂಬರಿನಲ್ಲಿ ಎರಡು ಸಲ ಹೋಗಿ ನೋಡಿದೆ. ದಕ್ಷಿಣದ ಗೋಡೆ ಬಿಳಿ ಅರಳಿನಿಂದ ತುಂಬಿತ್ತು. ಉತ್ತರದ ಗೋಡೆಯಲ್ಲಿ ಏನೂ ಇಲ್ಲ. ಪುಡಿಯೂ ಇಲ್ಲ, ಅರಳೂ ಇಲ್ಲ. ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಜನವರಿಯ ಮೂರನೆಯ ವಾರದಲ್ಲಿ ಬೆಳ್ತಂಗಡಿ ಕಡೆ ಒಂದು ಶಾಲಾ ಕಟ್ಟಡದ ತಕರಾರು ಇತ್ತು, ಸಿಮೆಂಟಿನಲ್ಲಿ ಮೋಸ ಎಂದು. ಸೋಮವಾರ ಬೆಳಗ್ಗೆ ಹೊರಡುವಾಗ ಮೈಮುನಾ ಪ್ರಯೋಗಾಲಯದ ಬಾಗಿಲಿಗೆ ಬಂದಳು, ಸೊಂಟದಲ್ಲಿ ಸಣ್ಣ ಕೂಸು. ಉಮ್ಮ, ಅಂದರೆ ತಾಯಿ, ಹೇಳಿ ಕಳಿಸಿದ್ದಾರೆ ಎಂದಳು. ಎರಡು ದಿನದಿಂದ ಸಂಜೆ ಹೊತ್ತು ಗೋಡೆಯೊಳಗೆ ಚಟಚಟ ಎನ್ನುತ್ತದೆ, ನೀಲಿ ಕಲೆ ಇದ್ದ ಕಡೆ ಕಲ್ಲು ಹಪ್ಪಳದ ಹಾಗೆ ಉಬ್ಬಿದೆ. ನನ್ನ ಜೀಪು ಎಂಜಿನ್ ಚಾಲು ಮಾಡಿ ನಿಂತಿತ್ತು. ಬುಧವಾರ ಬಂದು ನೋಡುತ್ತೇನೆ ಎಂದು ಹೇಳಿ ಜೀಪು ಹತ್ತಿದೆ. ಅಲ್ಲಿಯವರೆಗೆ ಅಲ್ಲಿ ಯಾರೂ ಕೂರಬೇಡಿ ಎಂದು ಹೇಳಲು ಎಷ್ಟು ಹೊತ್ತು ಬೇಕು? ಪುಂಜಾಲಕಟ್ಟೆ ದಾಟುವಾಗ ಒಮ್ಮೆ ಆ ಚಟಚಟ ಶಬ್ದ ನೆನಪಾಯಿತು. ಚಳಿಗೆ ಮಾಡಿನ ಮರ ಬಿರಿಯುತ್ತಿರಬಹುದು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ.

ಮಂಗಳವಾರ ಬೀಡಿ ಒಪ್ಪಿಸುವ ದಿನ. ಬೆಳಗ್ಗೆ ಹತ್ತೂಕಾಲಕ್ಕೆ ಉತ್ತರದ ಗೋಡೆ ಹದಿನೈದು ಅಡಿ ಉದ್ದಕ್ಕೆ ಒಳಗೆ ಬಿತ್ತು. ಕೆಳಗಿನ ಮೂರು ವರಸೆ ಕಲ್ಲು ಒಳಗೆಲ್ಲ ಹಿಟ್ಟಾಗಿ, ಮುಂದಿನ ಮೈ ಮಾತ್ರ ಸಿಪ್ಪೆಯಂತೆ ನಿಂತಿತ್ತು. ಮೇಲಿನ ಭಾರಕ್ಕೆ ಅದು ಕುಸಿದು, ಮೇಲಿನದೆಲ್ಲ ಕೂತವರ ಮೇಲೆ ಬಂತು. ಹೆಚ್ಚಿನವರು ಚೆಕ್ಕರಿನ ಮೇಜಿನ ಹತ್ತಿರ ಸಾಲು ನಿಂತಿದ್ದರು, ಬದುಕಿದರು. ಇಬ್ಬರಿಗೆ ಕಾಲು ಮುರಿಯಿತು. ಅವ್ವಮ್ಮ ಬೇಗ ಏಳಲು ಆಗದವಳು. ಕಲ್ಲು ಸರಿಸಿ ತೆಗೆಯುವಾಗ ಜೀವ ಇತ್ತಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೋಯಿತು.

ಸುದ್ದಿ ತಿಳಿದು ನಾನು ಮಧ್ಯಾಹ್ನ ಬೆಳ್ತಂಗಡಿ ಕಡೆಯಿಂದ ಬಂದು ತಲಪಿದೆ. ಜನ ದಾರಿ ಬಿಟ್ಟರು, ಯಾರೂ ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಸುಲಭವಾಗುತ್ತಿತ್ತು. ನೆಲದ ತುಂಬ ಬೀಡಿ ಎಲೆ, ಕೆಂಪು ಹಿಟ್ಟು, ಆ ಹಿಟ್ಟಿನೊಳಗೆ ಬಿಸಿಲಿಗೆ ಮಿನುಗುವ ಬಿಳಿ ಸೂಜಿಗಳು. ಕೈಗೆ ತೆಗೆದುಕೊಂಡರೆ ಕ್ಷಣದಲ್ಲಿ ಬೂದಿಯ ಹಾಗೆ ಮಸುಕಾದವು. ಅಡುಗೆ ಉಪ್ಪು ಹಾಗೆ ಮಾಡುವುದಿಲ್ಲ. ಕರವಸ್ತ್ರದಲ್ಲಿ ಒಂದು ಮುಷ್ಟಿ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಬೇರಿಯಂ ಕ್ಲೋರೈಡಿನ ಮುಚ್ಚಳ ಬಿಗಿದುಕೊಂಡಿತ್ತು, ತೆಗೆಯಲು ಹೊತ್ತು ಹಿಡಿಯಿತು. ಒಂದೇ ಹನಿಗೆ ನಳಿಕೆ ಪೂರ್ತಿ ಬಿಳಿಯಾಯಿತು. ಸಲ್ಫೇಟ್.

ಅದೇ ಸಂಜೆ ಪ್ರಭುಗಳ ಮನೆಗೆ ಹೋದೆ. ಅವರು ಕತ್ತಲೆ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದರು. ಅವರಾಗಿಯೇ ಹೇಳಿದರು. ಉಪ್ಪಿನ ವ್ಯಾಪಾರ ನಿಂತ ಬಳಿಕ ನಾಲ್ಕು ವರ್ಷ ಉತ್ತರದ ಭಾಗವನ್ನು ತೋಟದ ಗೊಬ್ಬರ ತುಂಬಲು ಬಾಡಿಗೆಗೆ ಕೊಟ್ಟಿದ್ದರು. ಅಮೋನಿಯಂ ಸಲ್ಫೇಟ್, ಮೂಟೆಗಟ್ಟಲೆ, ಗೋಡೆಗೆ ಒರಗಿಸಿ. ಅವ್ವಮ್ಮನ ಗಂಡ ಹೊತ್ತದ್ದು ಆ ಮೂಟೆಗಳನ್ನು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಜ್ಜ ಕೂತ ಜಾಗದಲ್ಲಿ ಗೊಬ್ಬರ ತುಂಬಿಸಿದೆ ಎಂದು ನಾನು ಹೇಗೆ ಹೇಳಲಿ? ನೀವೂ ಕೇಳಲಿಲ್ಲ."

ಎರಡೂ ನಿಜ. ಕಲ್ಲಿಗೆ ಹಿಡಿದು ಉಳಿದಿದ್ದ ಉಪ್ಪು ಮತ್ತು ಆ ಗೊಬ್ಬರ ನೆರೆಯ ನೀರಿನಲ್ಲಿ ಒಟ್ಟಿಗೆ ಕರಗಿ ಗೋಡೆಯೊಳಗೆ ಸೋಡಿಯಂ ಸಲ್ಫೇಟ್ ಆಗಿತ್ತು. ಕಲ್ಲನ್ನು ಒಡೆಯುವುದರಲ್ಲಿ ಅಡುಗೆ ಉಪ್ಪಿಗಿಂತ ಅದು ಬಹಳ ಕೆಟ್ಟದ್ದು. ಚಳಿ ಬಿದ್ದ ಕೂಡಲೇ ನೀರನ್ನು ತನ್ನೊಳಗೆ ಸೇರಿಸಿಕೊಂಡು ಉಬ್ಬುತ್ತದೆ. ನನ್ನ ಹಳದಿ ಮದ್ದು ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಒಂದು ಲವಣವನ್ನು ಹೊರಗೆ ತರುವ ಮದ್ದು ಇನ್ನೊಂದನ್ನು ಒಳಗೇ ತಡೆದು ನಿಲ್ಲಿಸಬಹುದು. ಹರಳಾಗುವುದು ತಡವಾದಷ್ಟೂ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ತಡೆಯಲಾರದೆ ಒಮ್ಮೆಗೇ ಹರಳಾದಾಗ ಒತ್ತಡವೂ ಅಷ್ಟೇ ಹೆಚ್ಚು. ಗೋಡೆಯನ್ನು ಕೆಡವಿದ್ದು ಮದ್ದು ಎಷ್ಟು, ಒಣಗಿಸಿದ್ದು ಎಷ್ಟು ಎಂದು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಎರಡೂ ನಾನು ಮಾಡಿದ್ದೇ ಆದ್ದರಿಂದ ಪಾಲು ಹಾಕುವ ಅಗತ್ಯವಿಲ್ಲ.

ಇನ್ನು ಹೇಳುವುದು ನನಗೆ ಹೆಚ್ಚು ನಾಚಿಕೆಯ ವಿಷಯ. ಗುರುವಾರ ರಾಯರು ಒಂದು ವರದಿ ಟೈಪು ಮಾಡಿಸಿ ತಂದರು. ನೆರೆಯಿಂದ ಅಡಿಪಾಯ ದುರ್ಬಲಗೊಂಡು ಗೋಡೆ ಕುಸಿದಿದೆ ಎಂದು ಅದರಲ್ಲಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಮೂರು ಹೆಣ್ಣುಮಕ್ಕಳು, ನಿವೃತ್ತಿಗೆ ಎರಡು ವರ್ಷ. ನನ್ನ ಮುಖ ನೋಡದೆ, ಸತ್ತವಳು ಹೇಗೂ ಎದ್ದು ಬರುವುದಿಲ್ಲವಲ್ಲ ಎಂದರು. ನಳಿಕೆ ಇನ್ನೂ ಮೇಜಿನ ಮೇಲೇ ಇತ್ತು, ಬಿಳಿ ತಳಕ್ಕೆ ಇಳಿದಿತ್ತು. ನಾನು ಸಹಿ ಹಾಕಿದೆ. ಹಾಕಿ ಮನೆಗೆ ಹೋಗಿ ಊಟವನ್ನೂ ಮಾಡಿದೆ. ಮನುಷ್ಯರು ಎಂಥವರು ಎಂದು ಯಾರಾದರೂ ಕೇಳಿದರೆ ನನಗೆ ಆ ಊಟ ನೆನಪಾಗುತ್ತದೆ.

ಹತ್ತು ದಿನ ಕಳೆದು ಮೈಮುನಾ ಬಂದಳು. ಕೂಸನ್ನು ಈ ಸಲ ಕರೆತಂದಿರಲಿಲ್ಲ. ಕೂರು ಎಂದರೆ ಕೂರಲಿಲ್ಲ, ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಏನಾದರೂ ಪರಿಹಾರ ಕೇಳಲು ಬಂದಿರಬಹುದು ಎಂದು ನಾನು ಒಳಗೊಳಗೇ ಉತ್ತರ ಹೊಂದಿಸುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಉಮ್ಮ ಹಟಮಾರಿ, ಹೆದರಿಕೆ ಇದ್ದರೂ ಅಲ್ಲೇ ಕೂತರು ಅಂತ ಎಲ್ಲರೂ ಹೇಳ್ತಾರೆ. ನೀವು ಕೂರಲಿಕ್ಕೆ ಹೇಳಿದ್ದಾ, ಅವರೇ ಕೂತದ್ದಾ? ಅಷ್ಟು ಹೇಳಿದರೆ ಸಾಕು ಟೀಚರೇ."

ಕುಂಟುಕಾಲಿನ ತಾಯಿ ತನ್ನ ತಪ್ಪಿನಿಂದ ಸತ್ತಳೋ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು. ಬೇರೇನೂ ಬೇಡ.

"ನಾನು ಹೇಳಿದ್ದು ಮೈಮುನಾ. ಅವರು ಕೇಳಿದರು, ಕೂತುಕೊಳ್ಳಿ ಎಂದು ನಾನೇ ಹೇಳಿದ್ದು. ಅವರ ತಪ್ಪು ಏನೂ ಇಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟನ್ನು ಎಲ್ಲಿಯಾದರೂ ಬರೆದು ಕೊಡಬಹುದಾ ಎಂದು ಕೇಳಿದಳು. ತನಗೆ ಓದಲು ಬರುವುದಿಲ್ಲ, ಆದರೆ ಬರೆದದ್ದು ಇರಲಿ ಎಂದಳು. ಅವಳು ನಿಂತಿರುವಾಗಲೇ ನಾನು ಎರಡನೇ ವರದಿ ಬರೆಯಲು ಕೂತೆ. ಮಾದರಿ ತೆಗೆಯದ ಗೋಡೆ, ಉಳಿದ ಅರ್ಧ ಡ್ರಮ್ಮು, ನೀಲಿ ಕಲೆ, ಒದ್ದೆ ಗೋಣಿ, ಸೋಮವಾರದ ಮಾತು, ಮೊದಲ ವರದಿಗೆ ತಿಳಿದೂ ಹಾಕಿದ ಸಹಿ, ಎಲ್ಲವನ್ನೂ ಬರೆದೆ. ಒಂದು ಪ್ರತಿ ಮೇಲಕ್ಕೆ ಕಳಿಸಿದೆ, ಒಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ವಿಚಾರಣೆ ಆಯಿತು. ನನ್ನ ಬಡ್ತಿ ಮೂರು ವರ್ಷ ನಿಂತಿತು, ಬಂಟ್ವಾಳದಿಂದ ಎತ್ತಿ ಬೇರೆ ಕಡೆ ಹಾಕಿದರು. ರಾಯರು ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಪ್ರಭುಗಳು ಆ ಮಳೆಗಾಲದಲ್ಲಿ ತೀರಿಕೊಂಡರು. ಬ್ರಾಂಚು ಮುಚ್ಚಿತು, ಹೆಂಗಸರು ಪಾಣೆಮಂಗಳೂರಿಗೆ ನಡೆದರು. ಅವ್ವಮ್ಮನ ಪುಸ್ತಕ ರದ್ದಾಯಿತು. ಅದನ್ನು ಮೈಮುನಾಳ ಹೆಸರಿಗೆ ಮಾಡಿಸಲು ನಾನು ಎರಡು ಸಲ ಓಡಾಡಿದೆ, ಆಗಲಿಲ್ಲ. ನಾನು ಯಾವುದನ್ನು ಉಳಿಸಲು ಹೊರಟಿದ್ದೆನೋ ಅದರಲ್ಲಿ ಒಂದೂ ಉಳಿಯಲಿಲ್ಲ.

ಆಮೇಲೆ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಕೈಕೆಳಗೆ ಬಂದ ಹೊಸಬರಿಗೆ ನಾನು ಕಲಿಸಿದ್ದು ಬಹಳವಿಲ್ಲ. ಉದುರುವ ಗೋಡೆಯನ್ನು ಯಾರು ಬೇಕಾದರೂ ಪರೀಕ್ಷಿಸುತ್ತಾರೆ, ನೀವು ಉದುರದ ಗೋಡೆ ಯಾಕೆ ಉದುರಲಿಲ್ಲ ಎಂದು ಕೇಳಿ. ಉಪ್ಪು ಎಂದು ಊರು ಕರೆದರೆ ಸಾಲದು, ಯಾವ ಉಪ್ಪು ಎಂದು ಬಾಟಲಿ ಹೇಳಬೇಕು. ಕಲ್ಲಿನ ಚರಿತ್ರೆಯನ್ನು ಒಡೆಯರಿಂದ ಕೇಳಿದ ಹಾಗೆಯೇ ಅದಕ್ಕೆ ಬೆನ್ನು ಒರಗಿಸಿ ಕೂತವರಿಂದಲೂ ಕೇಳಿ. ನಮ್ಮ ಫಾರಂನಲ್ಲಿ ಮಾದರಿ ತೆಗೆದ ಸ್ಥಳ ಎಂಬ ಅಂಕಣದ ಕೆಳಗೆ, ಇಲ್ಲಿ ಯಾರು ಕೂರುತ್ತಾರೆ ಎಂದು ನಾನು ಪ್ರತಿ ಸಲವೂ ಕೈಯಲ್ಲೇ ಒಂದು ಸಾಲು ಸೇರಿಸುತ್ತಿದ್ದೆ. ಮೇಲಿನವರು ಹೊಡೆದು ಹಾಕುತ್ತಿದ್ದರು, ನಾನು ಮುಂದಿನ ಫಾರಂನಲ್ಲಿ ಮತ್ತೆ ಬರೆಯುತ್ತಿದ್ದೆ.

೧೯೮೮ರಲ್ಲಿ ಏನೋ ಕೆಲಸಕ್ಕೆ ಬಂಟ್ವಾಳಕ್ಕೆ ಹೋದವಳು ನದಿಯ ಕಡೆಗೆ ಇಳಿದೆ. ಬಂಡಸಾಲೆಯ ಮಾಡು ಹೋಗಿತ್ತು, ಒಳಗೆ ಗಿಡ ಬೆಳೆದಿತ್ತು. ಹಿಂದಿನ ಇಳಿಜಾರು ಕೋಣೆ ಇರಲಿಲ್ಲ. ದಕ್ಷಿಣದ ಗೋಡೆ ಮಾತ್ರ ನೆಟ್ಟಗೆ ನಿಂತಿತ್ತು, ಮೈತುಂಬ ಬಿಳಿ ಅರಳು. ಬೆರಳಿನಿಂದ ಒರೆಸಿ ನೋಡಿದೆ, ಕೆಳಗೆ ಕಲ್ಲು ಗಟ್ಟಿ ಇತ್ತು. ಅಲ್ಲಿ ನನ್ನ ಮದ್ದು ಸರಿಯಾಗಿಯೇ ಕೆಲಸ ಮಾಡಿತ್ತು. ಆ ಗೋಡೆಗೆ ಒರಗಿ ಯಾವ ಕಾಲದಲ್ಲೂ ಯಾರೂ ಕೂತಿರಲಿಲ್ಲ.